ಶಾಲೆಯ ಅಪಾಯದ ನಿವ್ವಳ ತೂಕ

ಗಂಜ್ ತೆರೆದಿತ್ತು, ಶಾಲೆ ಮುಚ್ಚಿತ್ತು

2020ರ ಡಿಸೆಂಬರ್ ಹೊತ್ತಿಗೆ ಕಲಬುರಗಿಯ ನೆಹರು ಗಂಜ್‌ಗೆ ಹೊಸ ತೊಗರಿಯ ಆವಕ ಶುರುವಾಗಿತ್ತು. ಅಡತಿ ಅಂಗಡಿಗಳ ಮುಂದೆ ಚೀಲಗಳ ಸಾಲು, ಲಾರಿ ತುಂಬುವ ಹಮಾಲರು, ಕಾಳು ಹಸನು ಮಾಡುವ ಹೆಂಗಸರು, ಸುತ್ತಲಿನ ದಾಲ್ ಮಿಲ್‌ಗಳ ಸದ್ದು. ಊಟದ ಸರಕು ನಿಲ್ಲಬಾರದೆಂದು ಕೃಷಿ ಮಾರುಕಟ್ಟೆಗಳಿಗೆ ಲಾಕ್‌ಡೌನ್‌ನ ಮೊದಲ ವಾರದಲ್ಲೇ ವಿನಾಯಿತಿ ಸಿಕ್ಕಿತ್ತು. ಆದರೆ ಅದೇ ಹಮಾಲರ ಮಕ್ಕಳು ಓದುವ ಪ್ರಾಥಮಿಕ ಶಾಲೆಗೆ ಮಾರ್ಚ್‌ನಲ್ಲಿ ಬಿದ್ದ ಬೀಗ ಹಾಗೇ ಇತ್ತು. ಹತ್ತನೇ ತರಗತಿಯವರಿಗೆ ಬಾಗಿಲು ತೆರೆದದ್ದು 2021ರ ಜನವರಿ 1ರಂದು. ಒಂದರಿಂದ ಐದನೇ ತರಗತಿಯ ಮಕ್ಕಳು ಆ ವರ್ಷದ ಅಕ್ಟೋಬರ್ 25ರವರೆಗೆ ಕಾಯಬೇಕಾಯಿತು. ಹತ್ತೊಂಬತ್ತು ತಿಂಗಳು. ಕೊರೊನಾ ಮಕ್ಕಳಿಗೆ ಅಷ್ಟಾಗಿ ತಟ್ಟುವುದಿಲ್ಲ ಎಂಬ ಮಾತು ಆಗಲೇ ಎಲ್ಲರ ಕಿವಿಗೂ ಬಿದ್ದಿತ್ತು. ಹಾಗಿದ್ದರೆ ಯಾರಿಗೆ ರೋಗ ಕಡಿಮೆ ಕಾಡುತ್ತದೋ ಅವರ ಜಾಗವೇ ಎಲ್ಲಕ್ಕಿಂತ ಮೊದಲು ಮುಚ್ಚಿ ಎಲ್ಲಕ್ಕಿಂತ ಕೊನೆಗೆ ತೆರೆದದ್ದು ಏಕೆ?

ಬಾಗಿಲು ತೆರೆದಾಗ ಸರಕಾರ ಒಂದು ಷರತ್ತು ಹಾಕಿತು. ಹಾಜರಿ ಕಡ್ಡಾಯವಲ್ಲ, ಆದರೆ ಬರುವ ಮಗು ಪಾಲಕರ ಒಪ್ಪಿಗೆ ಪತ್ರ ತರಬೇಕು. ಅರ್ಧ ಪುಟದ ಕಾಗದ, ಕೆಳಗೆ ಸಹಿ ಇಲ್ಲವೇ ಹೆಬ್ಬೆಟ್ಟು. ತಜ್ಞರ ಸಮಿತಿಗಳು ತಿಂಗಳುಗಟ್ಟಲೆ ಚರ್ಚಿಸಿಯೂ ಒಮ್ಮತಕ್ಕೆ ಬರಲಾಗದ ಪ್ರಶ್ನೆಯನ್ನು ಆ ಕಾಗದ ಪಾಲಕರ ಮುಂದಿಟ್ಟಿತು, ಅದನ್ನು ತೂಗಿ ನೋಡುವ ಬಗೆಯನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಆ ಬಗೆ ಕಷ್ಟದ್ದಲ್ಲ. ಗಂಜ್‌ನಲ್ಲಿ ದಿನವೂ ಆ ಲೆಕ್ಕ ನಡೆಯುತ್ತದೆ.

ಎರಡು ಸಾವು, ಎರಡು ವಯಸ್ಸು

ಸಾಂಕ್ರಾಮಿಕ ಬಂದರೆ ಶಾಲೆ ಮುಚ್ಚಬೇಕೆಂಬ ತಿಳಿವಳಿಕೆ ಫ್ಲೂ ರೋಗದಿಂದ ಬಂದದ್ದು. 1918ರ ಮಹಾ ಫ್ಲೂ ಕಾಲದ ಅಮೆರಿಕದ 43 ನಗರಗಳ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದರು. ಬೇಗನೆ ಶಾಲೆ ಮುಚ್ಚಿ, ಗುಂಪು ಸೇರುವುದನ್ನು ತಡೆದು, ಅದನ್ನು ಬಹಳ ದಿನ ಮುಂದುವರಿಸಿದ ನಗರಗಳಲ್ಲಿ ಸಾವು ಕಡಿಮೆ ಇತ್ತು. ಇಂಥ ಅಧ್ಯಯನಗಳನ್ನು ನೆಚ್ಚಿಯೇ ದೇಶ ದೇಶಗಳು ಮುಂದಿನ ಸಾಂಕ್ರಾಮಿಕಕ್ಕೆ ಯೋಜನೆ ಬರೆದಿಟ್ಟುಕೊಂಡವು. ಫ್ಲೂವಿನ ಮಟ್ಟಿಗೆ ಇದು ಸರಿಯೇ. ಹಳೆಯ ಫ್ಲೂ ತಳಿಗಳನ್ನು ಕಂಡ ದೊಡ್ಡವರ ಮೈಯಲ್ಲಿ ಅಷ್ಟಿಷ್ಟು ಪ್ರತಿರಕ್ಷೆ ಉಳಿದಿರುತ್ತದೆ, ಮಕ್ಕಳಿಗೆ ಅದಿಲ್ಲ. ರೋಗ ಅವರನ್ನು ಬೇಗ ಹಿಡಿಯುತ್ತದೆ, ಅವರಿಂದಲೇ ಊರಿಗೆ ಹರಡುತ್ತದೆ. 2009ರ ಎಚ್1ಎನ್1 ಫ್ಲೂವಿಗೆ ಭಾರತದಲ್ಲಿ ಮೊದಲು ಬಲಿಯಾದದ್ದು ಪುಣೆಯ 14 ವರ್ಷದ ಶಾಲಾ ಬಾಲಕಿ. ಅಲ್ಲಿ ಶಾಲೆಗಳನ್ನು ಮುಚ್ಚಿದರು, ಅದಕ್ಕೆ ಅರ್ಥವಿತ್ತು.

2020ರ ಮಾರ್ಚ್ 10ರಂದು ಕೊರೊನಾದಿಂದ ಭಾರತದ ಮೊದಲ ಸಾವು ಸಂಭವಿಸಿತು. ತೀರಿಕೊಂಡವರು ಕಲಬುರಗಿಯವರು, 76 ವರ್ಷದವರು. ಈ ಎರಡು ವಯಸ್ಸುಗಳ ನಡುವಿನ ಅಂತರ ಆಕಸ್ಮಿಕವಲ್ಲ. ಅದಕ್ಕೂ ಕೆಲವು ವಾರ ಮೊದಲೇ, ಫೆಬ್ರುವರಿಯಲ್ಲಿ, ಚೀನಾ 44,672 ರೋಗಿಗಳ ವಿವರ ಪ್ರಕಟಿಸಿತ್ತು. ಒಂಬತ್ತು ವರ್ಷದವರೆಗಿನ ಮಕ್ಕಳಲ್ಲಿ ಒಂದು ಸಾವೂ ಇರಲಿಲ್ಲ, ಎಂಬತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿ ಸತ್ತಿದ್ದರು. ಮುಂದೆ ಹಲವು ದೇಶಗಳ ಅಂಕಿಗಳನ್ನು ಒಟ್ಟುಗೂಡಿಸಿದಾಗ ಚಿತ್ರ ಸ್ಪಷ್ಟವಾಯಿತು. ಲಸಿಕೆ ಇಲ್ಲದ ಆ ಮೊದಲ ವರ್ಷದಲ್ಲಿ ಸೋಂಕು ತಗಲಿದ ಹತ್ತು ವರ್ಷದ 1 ಲಕ್ಷ ಮಕ್ಕಳಲ್ಲಿ ಸುಮಾರು 2 ಸಾವು, 75 ವರ್ಷದ 1 ಲಕ್ಷ ಮಂದಿಯಲ್ಲಿ ಸುಮಾರು 4,600. ಇವು ಹೆಚ್ಚಾಗಿ ಶ್ರೀಮಂತ ದೇಶಗಳ ಅಂಕಿಗಳು. ಆದರೆ ವಯಸ್ಸಿನೊಂದಿಗೆ ಅಪಾಯ ಕಡಿದಾಗಿ ಏರುವ ಈ ಮಾದರಿ ಎಲ್ಲ ಕಡೆಯೂ ಕಂಡಿತು. ಫ್ಲೂವಿಗೆ ಬರೆದಿಟ್ಟ ಯೋಜನೆಯನ್ನು ಬೇರೆಯದೇ ಸ್ವಭಾವದ ರೋಗಕ್ಕೆ ಅನ್ವಯಿಸಲಾಯಿತು. ಮೊದಲ ಕೆಲವು ವಾರಗಳಲ್ಲಿ ಅದು ಕ್ಷಮ್ಯ. ಹತ್ತೊಂಬತ್ತು ತಿಂಗಳಿಗೆ ಆ ಸಮರ್ಥನೆ ಸಾಲದು.

ಮಗುವಿನ ಮೂಗಿನೊಳಗಿನ ಕಾವಲು

ಮಕ್ಕಳ ಮೈ ಈ ವೈರಸ್ಸನ್ನು ಅಷ್ಟು ಸಲೀಸಾಗಿ ತಾಳಿಕೊಂಡದ್ದು ಹೇಗೆ? ವೈರಸ್ ಒಂದು ಜೀವಕೋಶವನ್ನು ಹೊಕ್ಕಾಗ ಆ ಕೋಶ ಸಾಯುವ ಮೊದಲು ಒಂದು ಎಚ್ಚರಿಕೆ ಪ್ರೋಟೀನನ್ನು ಹೊರಬಿಡುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಕಂಡುಹಿಡಿದು ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ಅದು ತಗಲಿದ ಅಕ್ಕಪಕ್ಕದ ಕೋಶಗಳು ವೈರಸ್ ತಮ್ಮೊಳಗೆ ಮರಿ ಹಾಕದಂತೆ ಸಜ್ಜಾಗುತ್ತವೆ. ಹೊಸ ರೋಗವೊಂದಕ್ಕೆ ತಕ್ಕ ಪ್ರತಿಕಾಯ ತಯಾರಾಗಲು ವಾರ, ಹತ್ತು ದಿನ ಬೇಕು. ಅಲ್ಲಿಯವರೆಗೆ ಈ ಎಚ್ಚರಿಕೆಯೇ ರಕ್ಷಣೆ. ಮಕ್ಕಳ ಮೂಗಿನ ಒಳಪದರದ ಕೋಶಗಳಲ್ಲಿ ಈ ವ್ಯವಸ್ಥೆ ವೈರಸ್ ಬರುವ ಮೊದಲೇ ಅರ್ಧ ಎಚ್ಚರದಲ್ಲಿರುತ್ತದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ವಯಸ್ಸಾದಂತೆ ಅದು ನಿಧಾನವಾಗುತ್ತದೆ. ಎಪ್ಪತ್ತು ದಾಟಿದ ಕೆಲವರಲ್ಲಂತೂ ಮೈಯೇ ಇಂಟರ್‌ಫೆರಾನ್ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡಿರುತ್ತದೆ. ವೈರಸ್ ಶ್ವಾಸಕೋಶಕ್ಕೆ ಇಳಿದ ಮೇಲೆ ಎಚ್ಚೆತ್ತರೆ ಹೊತ್ತು ಮೀರಿರುತ್ತದೆ.

ಆದರೆ ಇದರಿಂದ ಮಕ್ಕಳು ರೋಗ ಹರಡುವುದೇ ಇಲ್ಲ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಮೈಗೆ ಕಾಟ ಕೊಡದ ವೈರಸ್ ಉಸಿರಿನಲ್ಲಿ ಹೊರಬರಬಹುದು. ಪಾಲಕರ ಭಯವೂ ಇದೇ ಆಗಿತ್ತು: ಮಗುವಿಗೆ ಏನೂ ಆಗದಿರಬಹುದು, ಅದು ಮನೆಗೆ ತಂದರೆ ಅಜ್ಜಿಯ ಗತಿ? ಈ ಪ್ರಶ್ನೆಯನ್ನು ಹಗುರವಾಗಿ ಕಾಣುವ ಯಾವ ಉತ್ತರವೂ ಉತ್ತರವಲ್ಲ.

ಖಾಲಿ ಚೀಲದ ತೂಕ

ಗಂಜ್‌ನಲ್ಲಿ ತೊಗರಿ ಚೀಲವನ್ನು ಕಾಟಾದ ಮೇಲಿಟ್ಟಾಗ ಕಾಣುವ ಅಂಕಿಗೆ ಯಾರೂ ಹಣ ಕೊಡುವುದಿಲ್ಲ. ಖಾಲಿ ಚೀಲದ ತೂಕ ಕಳೆದು ಉಳಿಯುವುದೇ ಕಾಳಿನ ನಿವ್ವಳ ತೂಕ. ಶಾಲೆಗೆ ಹೋದರೆ ಮನೆಗೆ ರೋಗ ಬರುವ ಸಂಭವ ಎಷ್ಟು ಎಂದು ಕೇಳುವುದು ಚೀಲ ಸಮೇತ ತೂಗಿದ ಹಾಗೆ. ಮಗು ಶಾಲೆಗೆ ಹೋಗದಿದ್ದರೂ ಆ ಮನೆಗೆ ರೋಗ ಬರುವ ಸಂಭವ ಇದ್ದೇ ಇತ್ತು, ಅದನ್ನು ಕಳೆಯಬೇಕು. ಉಳಿಯುವುದನ್ನು ನಿವ್ವಳ ಅಪಾಯ ಎನ್ನೋಣ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರಿಗೆ ಬೇಕಾದದ್ದು ಅದೊಂದೇ ಅಂಕಿ.

ಲೆಕ್ಕ ತಿಳಿಯಲು ಅಂಕಿಗಳನ್ನು ಊಹಿಸಿಕೊಳ್ಳೋಣ. ಗಂಜ್ ಹಿಂದಿನ ಓಣಿಗಳಲ್ಲಿ 100 ಮನೆಗಳಿವೆ. ತಂದೆ ಹಮಾಲಿಗೆ ಹೋಗುತ್ತಾನೆ, ತಾಯಿ ದಾಲ್ ಮಿಲ್‌ಗೆ. ಬಿಹಾರದಿಂದ ಮುಂಬೈವರೆಗಿನ ಲಾರಿಗಳು ಬಂದು ನಿಲ್ಲುವ ಜಾಗ. ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡರೂ ನಾಲ್ಕು ತಿಂಗಳಲ್ಲಿ 40 ಮನೆಗಳಿಗೆ ವೈರಸ್ ಬಂದೇ ಬರುತ್ತದೆ ಎಂದಿಟ್ಟುಕೊಳ್ಳಿ. ಈಗ ಶಾಲೆ ತೆರೆಯಿತು, ಶಾಲೆಯ ದಾರಿಯಿಂದ 10 ಮನೆಗಳಿಗೆ ವೈರಸ್ ಬಂತು. ಒಟ್ಟು 50 ಆಯಿತೇ? ಇಲ್ಲ. ಆ 10ರಲ್ಲಿ ಸುಮಾರು 4 ಮನೆಗಳು ತಂದೆ ತಾಯಿಯ ಕೆಲಸದ ದಾರಿಯಿಂದ ಹೇಗೂ ಸೋಂಕು ಕಾಣಲಿದ್ದ ಮನೆಗಳೇ. ಶಾಲೆಯಿಂದಾಗಿ ಹೊಸದಾಗಿ ಸೇರಿದವು 6. ಮನೆಯ ಉಳಿದವರು ಹೊರಗೆ ದುಡಿದಷ್ಟೂ ಖಾಲಿ ಚೀಲ ಭಾರವಾಗುತ್ತದೆ, ಶಾಲೆಯ ನಿವ್ವಳ ಕಡಿಮೆಯಾಗುತ್ತದೆ. ಊರಲ್ಲಿ ರೋಗ ಇಳಿದಿದ್ದಾಗ ಹೇಗೆ? ಆಗ ಮನೆಗೆ ಹೇಗೂ ಬರುವ ಸಂಭವ ನೂರಕ್ಕೆ 2 ಇರಬಹುದು, ಶಾಲೆಯಿಂದ ಬರುವುದು 1 ಇರಬಹುದು. ಶಾಲೆಯ ಗೋಡೆಯೊಳಗೆ ವೈರಸ್ ತಾನಾಗಿ ಹುಟ್ಟುವುದಿಲ್ಲ. ಊರಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ತರಗತಿಗೂ ಬರುತ್ತದೆ. ಆದ್ದರಿಂದ ಎರಡು ಸ್ಥಿತಿಯಲ್ಲೂ ನಿವ್ವಳ ಅಪಾಯ ಜನ ಹೆದರಿದ್ದಕ್ಕಿಂತ ಸಣ್ಣದು.

ಈ ಲೆಕ್ಕ ಒಂದು ಮನೆಯ ಹಾಗೆ ಇನ್ನೊಂದಕ್ಕೆ ಬರುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತು ದುಡಿಯಬಲ್ಲ ಮನೆಯವರಿಗೆ ಖಾಲಿ ಚೀಲದ ತೂಕ ನಿಜಕ್ಕೂ ಹಗುರ, ಅಂಥ ಮನೆಗೆ ಶಾಲೆಯೇ ದೊಡ್ಡ ದಾರಿ. ಅವರು ಹಿಂಜರಿದದ್ದರಲ್ಲಿ ತರ್ಕವಿತ್ತು. ದುಃಖದ ಸಂಗತಿ ಏನೆಂದರೆ, ಟಿವಿ ಚರ್ಚೆಗಳಲ್ಲಿ ಕೇಳಿಸಿದ ದನಿ ಬಹುತೇಕ ಅಂಥ ಮನೆಗಳದು. ನೀತಿ ಅವರ ಲೆಕ್ಕಕ್ಕೆ ಹೊಂದಿಕೊಂಡಿತು, ದಂಡ ತೆತ್ತದ್ದು ಹಮಾಲರ ಮಕ್ಕಳು.

ಶಾಲೆ ಇಲ್ಲದೆಯೂ ಬಂದ ಸೋಂಕು

ಖಾಲಿ ಚೀಲ ಅಷ್ಟು ಭಾರವಾಗಿತ್ತು ಎನ್ನುವುದಕ್ಕೆ ಆಧಾರವೇನು? 2021ರ ಜೂನ್ ಮತ್ತು ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದ 70 ಜಿಲ್ಲೆಗಳಲ್ಲಿ ನಾಲ್ಕನೇ ಸುತ್ತಿನ ರಕ್ತ ಸಮೀಕ್ಷೆ ನಡೆಸಿತು. ಕರ್ನಾಟಕದಿಂದ ಅದರಲ್ಲಿದ್ದ ಮೂರು ಜಿಲ್ಲೆಗಳಲ್ಲಿ ಕಲಬುರಗಿ ಒಂದು. ರಕ್ತದಲ್ಲಿ ಕೊರೊನಾ ಪ್ರತಿಕಾಯ ಇದೆಯೇ ಎಂದು ನೋಡಿದರೆ ಆ ಮನುಷ್ಯನಿಗೆ ಹಿಂದೆ ಎಂದಾದರೂ ಸೋಂಕು ತಗಲಿತ್ತೇ, ಇಲ್ಲವೇ ಲಸಿಕೆ ಸಿಕ್ಕಿತ್ತೇ ಎಂದು ತಿಳಿಯುತ್ತದೆ. ದೇಶದ ಒಟ್ಟು ಪ್ರಮಾಣ ನೂರಕ್ಕೆ 67.6 ಇತ್ತು. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ 57.2, ಹತ್ತರಿಂದ ಹದಿನೇಳರವರಲ್ಲಿ 61.6. ಮಕ್ಕಳಿಗೆ ಆಗ ಲಸಿಕೆ ಇರಲಿಲ್ಲ, ಹಾಗಾಗಿ ಈ ಪ್ರತಿಕಾಯವೆಲ್ಲ ಸೋಂಕಿನಿಂದಲೇ ಬಂದದ್ದು. ದೇಶದ ಬಹುಭಾಗದಲ್ಲಿ ಪ್ರಾಥಮಿಕ ಶಾಲೆಗಳು ಹದಿನೈದು ತಿಂಗಳಿಂದ ಮುಚ್ಚಿದ್ದವು. ತರಗತಿಯೊಳಗೆ ಕಾಲಿಡದ ಎಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವೈರಸ್ ಆಗಲೇ ತಗಲಿ ಹೋಗಿತ್ತು. ಯಾವುದರಿಂದ ಕಾಪಾಡಲೆಂದು ಅವರನ್ನು ಮನೆಯಲ್ಲಿಟ್ಟರೋ ಅದು ಮನೆಗೇ ಬಂದಿತ್ತು.

ಇದಕ್ಕೆ ಎದುರಾಗಿ ನಿಲ್ಲುವಂತೆ ಕಾಣುವ ಒಂದು ಅಧ್ಯಯನವನ್ನೂ ನೋಡಬೇಕು. ಆಂಧ್ರಪ್ರದೇಶ ಮತ್ತು ತಮಿಳುನಾಡಿನಲ್ಲಿ ಸೋಂಕಿತರ ಸಂಪರ್ಕದಲ್ಲಿದ್ದ 5,75,071 ಜನರನ್ನು ಪರೀಕ್ಷಿಸಿದ ವಿವರ 2020ರ ಸೆಪ್ಟೆಂಬರ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಮಕ್ಕಳಿಂದ ಅದೇ ವಯಸ್ಸಿನ ಮಕ್ಕಳಿಗೆ ರೋಗ ಚೆನ್ನಾಗಿಯೇ ಹರಡುತ್ತದೆ ಎಂದು ಅದು ತೋರಿಸಿತು. ಶಾಲೆ ತೆರೆಯಬಾರದು ಎನ್ನುವವರು ಇದನ್ನು ಮುಂದಿಟ್ಟರು. ಅಧ್ಯಯನ ಗಟ್ಟಿಯಾದದ್ದೇ, ಅದರ ಕಾಲವನ್ನು ಮಾತ್ರ ಗಮನಿಸಿ. ಆ ತಿಂಗಳುಗಳಲ್ಲಿ ಎರಡೂ ರಾಜ್ಯಗಳ ಶಾಲೆಗಳು ಮುಚ್ಚಿದ್ದವು. ಮಕ್ಕಳು ಮಕ್ಕಳಿಗೆ ಅಂಟಿಸಿದ್ದು ಮನೆಯಲ್ಲಿ, ಓಣಿಯಲ್ಲಿ, ನೆಂಟರಿಷ್ಟರ ನಡುವೆ. ಶಾಲೆ ಇಲ್ಲವೆಂದರೆ ಮಕ್ಕಳು ಒಬ್ಬೊಬ್ಬರೇ ಕೂತಿರುತ್ತಾರೆ ಎಂಬ ಊಹೆಯನ್ನೇ ಈ ಅಧ್ಯಯನ ಅಲುಗಾಡಿಸುತ್ತದೆ.

ಕಲಬುರಗಿ ಜಿಲ್ಲೆಯ ಕಮಲಾಪುರ ಕಡೆಯ ಹಳ್ಳಿ ತಾಂಡಾಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಮೊದಲ ಅಲೆಯಲ್ಲಿ ಅಲ್ಲಿ ಖಾಲಿ ಚೀಲ ಹಗುರವಿತ್ತು, ಮುಂಬೈ ಪುಣೆಗೆ ಗುಳೆ ಹೋದವರು 2020ರ ಮೇ ಜೂನ್‌ನಲ್ಲಿ ಮರಳಿದಾಗಷ್ಟೇ ಕೆಲ ವಾರ ಏರಿತು. ಆದರೆ ಊರಲ್ಲೇ ವೈರಸ್ ವಿರಳವಾಗಿದ್ದರೆ ಅದೇ ಊರಿನ ಮಕ್ಕಳಷ್ಟೇ ಕೂರುವ ಶಾಲೆಗೂ ಅದು ವಿರಳ. ಬೆಂಗಳೂರಿನ ಅಂಕಿ ನೋಡಿ ಕಮಲಾಪುರದ ಹಳ್ಳಿ ಶಾಲೆಯನ್ನು ಮುಚ್ಚಿಡುವುದಕ್ಕೆ ಯಾವ ಕಾರಣವೂ ಇರಲಿಲ್ಲ. 2022ರ ಜನವರಿಯ ಒಮಿಕ್ರಾನ್ ಅಲೆಯಲ್ಲಿ ಸರಕಾರ ಬೆಂಗಳೂರಿನ ಶಾಲೆಗಳನ್ನು ಬೇರೆಯಾಗಿಯೇ ಕಂಡಿತು. ಆ ವಿವೇಕ ಒಂದು ವರ್ಷ ಮುಂಚೆ ಬರಬಹುದಿತ್ತು.

ಅಜ್ಜಿಯ ಪ್ರಶ್ನೆ

ಉಳಿದ 6 ಮನೆಗಳನ್ನು ಮರೆಯುವ ಹಾಗಿಲ್ಲ, ಅವುಗಳಲ್ಲಿ ಅಜ್ಜಿಯರಿದ್ದಾರೆ. ಶಾಲೆಯ ನಿವ್ವಳ ಅಪಾಯವನ್ನು ಅಂದಾಜಿಸಲು ನೆರವಾಗುವ ದೊಡ್ಡ ಅಧ್ಯಯನ ಇಂಗ್ಲೆಂಡಿನದು. 1 ಕೋಟಿಗೂ ಹೆಚ್ಚು ವಯಸ್ಕರ ವೈದ್ಯಕೀಯ ದಾಖಲೆಗಳನ್ನು ಇಟ್ಟುಕೊಂಡು, ಮಕ್ಕಳೊಂದಿಗೆ ಬದುಕುವವರನ್ನೂ ಮಕ್ಕಳಿಲ್ಲದ ಮನೆಯವರನ್ನೂ ಹೋಲಿಸಿದರು. ಮೊದಲ ಅಲೆಯಲ್ಲಿ ಎಳೆಯ ಮಕ್ಕಳಿದ್ದ ಮನೆಯ ದೊಡ್ಡವರಿಗೆ ಹೆಚ್ಚಿನ ಅಪಾಯ ಕಾಣಲಿಲ್ಲ. 2020ರ ಸೆಪ್ಟೆಂಬರ್ ನಂತರ, ಶಾಲೆಗಳು ತೆರೆದಿದ್ದಾಗ, 65 ವರ್ಷದವರೆಗಿನ ವಯಸ್ಕರಲ್ಲಿ ಸ್ವಲ್ಪ ಏರಿಕೆ ಕಂಡಿತು: ಹನ್ನೊಂದು ವರ್ಷದವರೆಗಿನ ಮಕ್ಕಳಿರುವ ಮನೆಗಳಲ್ಲಿ 10,000 ಜನರಿಗೆ 40ರಿಂದ 60 ಹೆಚ್ಚುವರಿ ಸೋಂಕು, 1ರಿಂದ 5 ಹೆಚ್ಚುವರಿ ಆಸ್ಪತ್ರೆ ದಾಖಲಾತಿ. ಹೇಗೂ ಆಗುತ್ತಿದ್ದ ಸೋಂಕು 810. ಏರಿಕೆ ಶೂನ್ಯವಲ್ಲ, ಆದರೆ ಖಾಲಿ ಚೀಲದ ತೂಕದ ಮುಂದೆ ಬಹಳ ಸಣ್ಣದು. ಅಲ್ಲಿನ ಮನೆಗಳು ವಿಶಾಲ, ಅಲ್ಲಿನ ಅಜ್ಜಿ ಮೊಮ್ಮಕ್ಕಳ ಪಕ್ಕ ಮಲಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಗಂಜ್ ಓಣಿಯ ಒಂದೇ ಕೋಣೆಯ ಮನೆಯಲ್ಲಿ ಅಜ್ಜಿಯ ಪಕ್ಕ ಮಲಗುವವರಲ್ಲಿ ದುಡಿದು ಬಂದ ಮಗ ಸೊಸೆಯೂ ಇದ್ದಾರೆ. ಇಕ್ಕಟ್ಟಾದ ಮನೆ ಕಾಳಿನ ತೂಕವನ್ನೂ ಚೀಲದ ತೂಕವನ್ನೂ ಒಟ್ಟಿಗೇ ಏರಿಸುತ್ತದೆ.

ಅಜ್ಜಿಗೆ ನಿಜವಾದ ರಕ್ಷಣೆ ಕೊಟ್ಟದ್ದು ಲಸಿಕೆ. ಅರವತ್ತು ದಾಟಿದವರಿಗೆ 2021ರ ಮಾರ್ಚ್ 1ರಿಂದ ಲಸಿಕೆ ಶುರುವಾಯಿತು. ಅಲ್ಲಿಂದ ಮುಂದೆ ಪಾಲಕರು ಮಾಡಬಹುದಾಗಿದ್ದ ಅತ್ಯಂತ ಉಪಯುಕ್ತ ಕೆಲಸವೆಂದರೆ ಮಗುವನ್ನು ಮನೆಯಲ್ಲಿಡುವುದಕ್ಕಿಂತ ಅಜ್ಜಿಯನ್ನು ಲಸಿಕಾ ಕೇಂದ್ರಕ್ಕೆ ಕರೆದೊಯ್ಯುವುದು. ಇದನ್ನು ಹೇಳುವಾಗ ಎರಡನೇ ಅಲೆಯ ಏಪ್ರಿಲ್ ಮೇ ತಿಂಗಳುಗಳನ್ನು ಪಕ್ಕಕ್ಕಿಡಬೇಕು. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಆಮ್ಲಜನಕವಿಲ್ಲ ಎಂಬ ಸ್ಥಿತಿಯಲ್ಲಿ ಒಂದೊಂದು ಹೆಚ್ಚುವರಿ ಸೋಂಕಿಗೂ ಬೆಲೆ ದುಪ್ಪಟ್ಟು. ಆ ವಾರಗಳಲ್ಲಿ ಶಾಲೆ ಮುಚ್ಚಿದ್ದು ಸರಿ. ತೆರೆಯುವ ದಿನವನ್ನು ಮೊದಲೇ ಹೇಳದೆ ಮುಚ್ಚಿದ್ದು ಸರಿಯಲ್ಲ. ಹಾಗೆಯೇ ಹೃದಯ ಇಲ್ಲವೇ ಶ್ವಾಸಕೋಶದ ಗಂಭೀರ ಕಾಯಿಲೆ ಇರುವ ಮಗುವಿನ ಪಾಲಕರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿರುವ ಮನೆಯವರು ಬೇರೆ ತೀರ್ಮಾನಕ್ಕೆ ಬಂದರೆ ಅದು ಅತಿ ಭಯವಲ್ಲ.

ಎದುರು ತಟ್ಟೆಯಲ್ಲಿ ಏನಿತ್ತು

ಮನೆಯಲ್ಲಿ ಉಳಿಯುವುದಕ್ಕೂ ತೂಕವಿದೆ. 2021ರ ಮಾರ್ಚ್‌ನಲ್ಲಿ ಗ್ರಾಮೀಣ ಕರ್ನಾಟಕದಲ್ಲಿ ನಡೆದ, ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು ನೂರಕ್ಕೆ ಸುಮಾರು 10. 2018ರಲ್ಲಿ ಅದು ಸುಮಾರು 19 ಇತ್ತು. ಮೊದಲೇ ಕಡಿಮೆ ಇದ್ದದ್ದು ಅರ್ಧಕ್ಕೆ ಇಳಿಯಿತು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಕರ್ನಾಟಕ ಸೇರಿದಂತೆ ಐದು ರಾಜ್ಯಗಳ 16,067 ಸರಕಾರಿ ಶಾಲಾ ಮಕ್ಕಳನ್ನು 2021ರ ಜನವರಿಯಲ್ಲಿ ಪರಿಶೀಲಿಸಿದಾಗ ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ತಮಗಿದ್ದ ಭಾಷಾ ಕೌಶಲಗಳಲ್ಲಿ ಕನಿಷ್ಠ ಒಂದನ್ನು ಕಳೆದುಕೊಂಡಿದ್ದರು. ಮುಂದಿನದನ್ನು ಕಲಿಯದಿರುವುದು ಒಂದು ನಷ್ಟ, ಕಲಿತದ್ದು ಕೈಬಿಟ್ಟು ಹೋಗುವುದು ಇನ್ನೊಂದು. ಬಿಸಿಯೂಟವೂ ನಿಂತಿತು. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಎಂಬ ಈ ಬಿಸಿಯೂಟ ಯೋಜನೆ ಮೊದಲು ಶುರುವಾದದ್ದೇ ಈ ಭಾಗದ ಏಳು ಜಿಲ್ಲೆಗಳಲ್ಲಿ, ಇಲ್ಲಿನ ಮಕ್ಕಳಿಗೆ ಆ ತಟ್ಟೆ ಬೇಕೆಂದೇ. ಅಕ್ಕಿ ಬೇಳೆಯನ್ನು ಮನೆಗೆ ಕೊಟ್ಟರು ನಿಜ, ಮನೆಯಲ್ಲಿ ಅದು ಎಲ್ಲರ ಪಾಲಾಗುತ್ತದೆ. ತೊಗರಿ ಕೊಯ್ಲಿಗೆ ಹೋದ ಹುಡುಗ, ಮದುವೆ ಗೊತ್ತಾದ ಹುಡುಗಿ ಶಾಲೆ ತೆರೆದ ಮೇಲೂ ಮರಳದೆ ಹೋದದ್ದುಂಟು.

ಈ ಎರಡು ತೂಕಗಳು ಕಾಲದೊಂದಿಗೆ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ ಎಂಬುದು ಬಹುಮುಖ್ಯ. ಸೋಂಕಿನ ಅಪಾಯ ಅಲೆಯೊಂದಿಗೆ ಏರಿ ಇಳಿಯುತ್ತದೆ, ಒಮ್ಮೆ ಬಂದು ಹೋದ ಮೇಲೆ ಮತ್ತೂ ತಗ್ಗುತ್ತದೆ. ಕಲಿಕೆಯ ನಷ್ಟ ತಿಂಗಳು ತಿಂಗಳೂ ಕೂಡುತ್ತಲೇ ಹೋಗುತ್ತದೆ. ನಾಲ್ಕು ವಾರ ಮುಚ್ಚುವುದಕ್ಕೂ ಎಂಬತ್ತಕ್ಕೂ ಹೆಚ್ಚು ವಾರ ಮುಚ್ಚುವುದಕ್ಕೂ ಒಂದೇ ಸಮರ್ಥನೆ ಸಾಲುವುದಿಲ್ಲ. ಪಾಲಕರಿಗೆ ಇದು ತಿಳಿದಿರಲಿಲ್ಲವೆಂದು ಯಾರೂ ಭಾವಿಸಬಾರದು. ಅದೇ ಫೌಂಡೇಶನ್ 2020ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಸುರಕ್ಷತಾ ಕ್ರಮಗಳಿದ್ದರೆ ಮಕ್ಕಳನ್ನು ಶಾಲೆಗೆ ಕಳಿಸಲು ಸಿದ್ಧ ಎಂದವರು ನೂರಕ್ಕೆ ಸುಮಾರು 90 ಪಾಲಕರು. ಅವರು ಸೂತ್ರ ಬರೆದಿರಲಿಲ್ಲ, ಆದರೆ ಚೀಲದ ತೂಕ ಅವರ ಬೆನ್ನಿಗೆ ಗೊತ್ತಿತ್ತು.

ಕಿಟಕಿ

ನಿವ್ವಳ ಅಪಾಯವನ್ನು ಇಳಿಸುವ ದಾರಿಯೂ ಕೈಯಳತೆಯಲ್ಲೇ ಇತ್ತು. ಈ ವೈರಸ್ ಉಸಿರಿನ ಸೂಕ್ಷ್ಮ ಹನಿಗಳಲ್ಲಿ ತೇಲುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಗಂಟೆಗಟ್ಟಲೆ ಉಳಿಯುತ್ತದೆ, ಗಾಳಿಯಾಡುವ ಕಡೆ ಚದುರಿ ಹೋಗುತ್ತದೆ. ಬೆಂಚುಗಳನ್ನು ಒರೆಸುವುದಕ್ಕೆ, ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿಯುವುದಕ್ಕೆ ಖರ್ಚಾದ ಶ್ರಮದ ಕಾಲುಭಾಗ ಎದುರುಬದುರು ಕಿಟಕಿಗಳನ್ನು ತೆರೆಯುವುದಕ್ಕೆ ಹೋಗಿದ್ದರೆ ಹೆಚ್ಚು ಫಲ ಸಿಗುತ್ತಿತ್ತು. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮದಲ್ಲಿ ಶಿಕ್ಷಕರು ಓಣಿಗೆ ಬಂದು ಗುಡಿಯ ಕಟ್ಟೆ, ಮರದ ನೆರಳು, ಸಮುದಾಯ ಭವನಗಳಲ್ಲಿ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಅದರಲ್ಲಿ ಬಯಲಿನ ಪಾಠ ಈ ವೈರಸ್ಸಿಗೆ ಹೇಳಿ ಮಾಡಿಸಿದ ಏರ್ಪಾಡು. ಕ್ಷಯಕ್ಕೆ ಹೆದರಿದ್ದ ಕಾಲದಲ್ಲಿ ಬರ್ಲಿನ್ ಬಳಿಯ ಚಾರ್ಲೊಟೆನ್‌ಬುರ್ಗ್‌ನಲ್ಲಿ 1904ರಲ್ಲೇ ಕಾಡಿನ ನಡುವೆ ಬಯಲು ಶಾಲೆ ನಡೆಸಿದ್ದರು. ಆದರೆ ಇಲ್ಲಿ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗಲಿದ, ಕೆಲವು ಶಿಕ್ಷಕರು ತೀರಿಕೊಂಡ ಸುದ್ದಿಗಳು ಬಂದ ಮೇಲೆ ಅಕ್ಟೋಬರ್‌ನಲ್ಲಿ ವಿದ್ಯಾಗಮವನ್ನು ನಿಲ್ಲಿಸಲಾಯಿತು. ಆ ಶಿಕ್ಷಕರ ಸಾವುಗಳ ನೋವು ದೊಡ್ಡದು, ಅದನ್ನು ಅಂಕಿಯಲ್ಲಿ ಕರಗಿಸಲಾಗದು. ಅವರಿಗೆ ಸೋಂಕು ಪಾಠದಿಂದ ಬಂತೇ, ಮನೆ ಮಾರುಕಟ್ಟೆಗಳಿಂದ ಬಂತೇ ಎಂಬ ಪ್ರಶ್ನೆಯನ್ನು ಮಾತ್ರ ಆ ಗದ್ದಲದಲ್ಲಿ ಕೇಳಬೇಕಾದಷ್ಟು ಕೇಳಲಿಲ್ಲ. ಪಾಠವನ್ನು ಭವನಗಳಿಂದ ಪೂರ್ತಿ ಬಯಲಿಗೆ ತಂದು, ವಯಸ್ಸಾದ ಮತ್ತು ಕಾಯಿಲೆಯಿರುವ ಶಿಕ್ಷಕರನ್ನು ಹಿಂದಿಟ್ಟು ಮುಂದುವರಿಸುವ ದಾರಿ ಇತ್ತು.

ಬೇರೆ ರೋಗ ಬಂದರೆ

ಇದೇ ಲೆಕ್ಕ ಮುಂದಿನ ಸಾಂಕ್ರಾಮಿಕದಲ್ಲಿ ಶಾಲೆ ಮುಚ್ಚಿ ಎಂದೇ ಹೇಳಬಹುದು. 2009ರಂಥ, ಆದರೆ ಅದಕ್ಕಿಂತ ಉಗ್ರವಾದ ಫ್ಲೂ ಬಂದರೆ ಮಗುವೇ ಮೊದಲು ಹಾಸಿಗೆ ಹಿಡಿಯುತ್ತದೆ. ದೊಡ್ಡವರಲ್ಲಿ ಹಳೆಯ ಪ್ರತಿರಕ್ಷೆ ಇರುವುದರಿಂದ ಗಂಜ್‌ನಿಂದ ಮರಳುವ ತಂದೆ ವೈರಸ್ ತರುವುದು ಕಡಿಮೆ. ಆಗ ಖಾಲಿ ಚೀಲ ಹಗುರ, ಕಾಳು ಭಾರ. ಅಂಥ ಸಂದರ್ಭದಲ್ಲಿ ಶಾಲೆ ಮುಚ್ಚಲು ತಡಮಾಡಿದರೆ ಮಕ್ಕಳೇ ಸಾಯುತ್ತಾರೆ. ಆದ್ದರಿಂದ ಮೊದಲ ವಾರಗಳಲ್ಲಿ ಬೇಕಾಗುವುದು ರೋಗ ಯಾವ ವಯಸ್ಸಿನವರನ್ನು ಹಿಡಿಯುತ್ತಿದೆ, ಯಾವ ವಯಸ್ಸಿನವರನ್ನು ಕೊಲ್ಲುತ್ತಿದೆ ಎಂಬ ಜಿಲ್ಲಾವಾರು ಅಂಕಿ. 2020ರಲ್ಲಿ ದಿನವೂ ಸಂಜೆ ಬರುತ್ತಿದ್ದ ರಾಜ್ಯ ಆರೋಗ್ಯ ಇಲಾಖೆಯ ಪ್ರಕಟಣೆಯಲ್ಲಿ ಸತ್ತವರ ವಯಸ್ಸು, ಜಿಲ್ಲೆ ಎರಡೂ ಇರುತ್ತಿದ್ದವು. ಅದನ್ನು ಶಾಲೆಯ ತೀರ್ಮಾನಕ್ಕೆ ಜೋಡಿಸುವ ಪದ್ಧತಿಯನ್ನು ಶಿಕ್ಷಣ ಇಲಾಖೆ ಮತ್ತು ಆರೋಗ್ಯ ಇಲಾಖೆ ಇನ್ನೊಂದು ರೋಗ ಬರುವ ಮೊದಲೇ ಬರೆದಿಟ್ಟುಕೊಂಡು, ಒಪ್ಪಿಗೆ ಪತ್ರದ ಜೊತೆಗೇ ಪಾಲಕರ ಕೈಗೆ ಕೊಡಬೇಕು.